ತಮ್ಮನಿಗೆ ಹಿಡಿದ ಮಾತ್ರೆ ನನಗೇಕೆ ಹಿಡಿಯುತ್ತಿಲ್ಲ?

ಪ್ರಶ್ನೆ: ನಾನು ಹಾವೇರಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ವಯಸ್ಸು 34. ನನ್ನ ತಮ್ಮನಿಗೆ ಕೈ ತೊಳೆಯುವ ಗೀಳು ಇತ್ತು, ಎರಡು ದಿನಕ್ಕೊಂದು ಸೋಪು ಮುಗಿಸುತ್ತಿದ್ದ. ಫ್ಲುಯೊಕ್ಸೆಟಿನ್ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಈಗ ಮುಕ್ಕಾಲು ಪಾಲು ಆರಾಮಾಗಿದ್ದಾನೆ. ನನಗೆ ತೊಳೆಯೋದು ಗಿಳೆಯೋದು ಏನೂ ಇಲ್ಲ. ದೇವರ ಮುಂದೆ ನಿಂತರೆ ಬಾಯಲ್ಲಿ ಹೇಳಲಾಗದಂಥ ಕೆಟ್ಟ ಯೋಚನೆಗಳು ನುಗ್ಗುತ್ತವೆ. ಇದೂ ಓಸಿಡಿಯೇ, ಅಂದರೆ ಗೀಳು ಕಾಯಿಲೆಯೇ ಎಂದು ಡಾಕ್ಟರು ಅದೇ ಫ್ಲುಯೊಕ್ಸೆಟಿನ್ 20 ಕೊಟ್ಟರು. ಏಳು ವಾರ ಆಯ್ತು, ಏನೂ ಬದಲಾಗಿಲ್ಲ. ನನ್ನ ಥರದ ಓಸಿಡಿಗೆ ಬೇರೆ ಮಾತ್ರೆ ಇದೆಯೇ? ತಮ್ಮ ದಿನಕ್ಕೆ 60 ತೆಗೆದುಕೊಳ್ಳುತ್ತಾನೆ, ಅವನದರಲ್ಲೇ ನಾನೂ ಎರಡು ಸೇರಿಸಿಕೊಳ್ಳಲೇ? ಅಪ್ಪನೂ ಹಳೇ ಪೇಪರು, ಪ್ಲಾಸ್ಟಿಕ್ ಕವರು, ಮುರಿದ ಛತ್ರಿ, ಯಾವುದನ್ನೂ ಬಿಸಾಡಲು ಬಿಡುವುದಿಲ್ಲ. ಅದೂ ಇದೇನಾ?

ಉತ್ತರ: ತಮ್ಮನ ಡಬ್ಬಿಗೆ ಕೈ ಹಾಕಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಲೆಕ್ಕ ಪೂರ್ತಿ ತಪ್ಪು ಅಂತಲ್ಲ. 20 ಸಾಕಾಗುತ್ತಿಲ್ಲ ಎಂದು ನಿಮಗೇ ಅನುಮಾನ ಬಂದಿದೆ, ಆ ಅನುಮಾನ ಬಹುಶಃ ಸರಿ. ಆದರೆ ಡೋಸ್ ಏರಿಸುವವರು ನಿಮ್ಮ ಬಿಪಿ, ನಿದ್ದೆ, ನೀವು ನುಂಗುವ ಬೇರೆ ಮಾತ್ರೆಗಳು, ಗರ್ಭಿಣಿಯಾಗುವ ಯೋಚನೆ ಇದೆಯೇ, ಹಿಂದೆ ಯಾವಾಗಲಾದರೂ ಮನಸ್ಸು ವಿಪರೀತ ಉಬ್ಬಿ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನಿಸಿದ್ದುಂಟೇ ಎಂಬುದನ್ನೆಲ್ಲ ಕೇಳಿ ಏರಿಸಬೇಕು. ಈ ಕೊನೆಯದು ಸಣ್ಣ ವಿಷಯವಲ್ಲ. ಹೀಗೆ ಮನಸ್ಸು ಏರುಪೇರಾಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ಈ ಮಾತ್ರೆ ಸುಮ್ನೆ ಜಾಸ್ತಿ ಮಾಡಿದರೆ ಮನಸ್ಸು ಹಿಡಿತ ತಪ್ಪಬಹುದು. ತಮ್ಮನೂ ಮೊದಲ ದಿನವೇ 60 ನುಂಗಿರಲಿಕ್ಕಿಲ್ಲ. ಕೇಳಿ ನೋಡಿ, ವಾರಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿರುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ತೊಳೆಯುವ ಗೀಳಿಗೆ ಒಂದು, ಬೀಗ ನೋಡುವ ಗೀಳಿಗೆ ಒಂದು, ಕೆಟ್ಟ ಯೋಚನೆಗೆ ಒಂದು ಅಂತ ಬೇರೆ ಬೇರೆ ಮಾತ್ರೆ ಇಲ್ಲ. ಇದಕ್ಕೊಂದು ಸಣ್ಣ ಇತಿಹಾಸ ಇದೆ. 1967ರಲ್ಲಿ ಸ್ಪೇನಿನ ವೈದ್ಯರು ಖಿನ್ನತೆಗೆ ಕೊಡುತ್ತಿದ್ದ ಕ್ಲೊಮಿಪ್ರಮಿನ್ ಎಂಬ ಔಷಧಿ ಗೀಳು ಕಾಯಿಲೆಗೂ ಹಿಡಿಯುತ್ತದೆ ಎಂದು ವರದಿ ಮಾಡಿದರು. ಅದೇ ಜಾತಿಯ ಬೇರೆ ಮಾತ್ರೆಗಳನ್ನು ಪ್ರಯತ್ನಿಸಿದರೆ ಖಿನ್ನತೆ ಇಳಿಯುತ್ತಿತ್ತು, ಗೀಳು ಮಾತ್ರ ಜಗ್ಗುತ್ತಿರಲಿಲ್ಲ. ವ್ಯತ್ಯಾಸ ಏನೆಂದರೆ ಕ್ಲೊಮಿಪ್ರಮಿನ್ ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಜೋರಾಗಿ ಕೆಲಸ ಮಾಡುತ್ತದೆ, ಉಳಿದವು ಅಷ್ಟಾಗಿ ಮಾಡುವುದಿಲ್ಲ. ಆಮೇಲೆ ಬಂದ ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಫ್ಲುವೊಕ್ಸಮಿನ್, ಎಸ್ಸಿಟಲೊಪ್ರಾಮ್, ಪ್ಯಾರೊಕ್ಸೆಟಿನ್ ಎಲ್ಲವೂ ಅದೇ ದಾರಿಯವು. ಇವನ್ನು ಎಸ್‌ಎಸ್‌ಆರ್‌ಐ ಅಂತೀವಿ. ದಾರಿ ಒಂದೇ ಆದ್ದರಿಂದ ನಿಮ್ಮ ಗೀಳಿನ ಬಗೆ ನೋಡಿ ಮಾತ್ರೆ ಆರಿಸಲು ಬರುವುದಿಲ್ಲ. ನಾವು ಆರಿಸುವುದು ಯಾವ ಅಡ್ಡಪರಿಣಾಮ ನಿಮಗೆ ಒಗ್ಗುತ್ತದೆ, ಹಿಂದೆ ಯಾವುದು ಹಿಡಿದಿತ್ತು, ಮನೆಯವರಿಗೆ ಯಾವುದು ಹಿಡಿದಿದೆ ಎಂಬುದರ ಮೇಲೆ. ತಮ್ಮನಿಗೆ ಹಿಡಿದದ್ದನ್ನೇ ನಿಮಗೂ ಬರೆದುಕೊಟ್ಟಿದ್ದಾರಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕಣ್ಣಿಗೆ ಕಾಣುವ ಹಾಗೆ ಇದೆ: 20 ಮತ್ತು 60. ಖಿನ್ನತೆಗೆ 20 ಮಿಲಿಗ್ರಾಂ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಓಸಿಡಿಗೆ ಸಾಮಾನ್ಯವಾಗಿ ಸಾಕಾಗುವುದಿಲ್ಲ. ಫ್ಲುಯೊಕ್ಸೆಟಿನ್ 40ರಿಂದ 80ರವರೆಗೆ, ಸರ್ಟ್ರಲಿನ್ 200ರವರೆಗೆ, ಫ್ಲುವೊಕ್ಸಮಿನ್ 300ರವರೆಗೆ ಹೋಗಬೇಕಾಗಿ ಬರುವುದು ಮಾಮೂಲು. ಮೆಡಿಕಲ್ ಶಾಪಿನವರು ಚೀಟಿ ನೋಡಿ ‘ಅಬ್ಬಾ, ಇಷ್ಟೊಂದಾ’ ಎಂದು ಹುಬ್ಬೇರಿಸಿದ್ದಕ್ಕೇ ಹೆದರಿ ಅರ್ಧಕ್ಕೆ ಇಳಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಇನ್ನೊಂದು ವ್ಯತ್ಯಾಸ ಸಮಯದ್ದು. ಸರಿಯಾದ ಡೋಸ್ ತಲುಪಿ, ಒಟ್ಟು 10-12 ವಾರ ಕಳೆಯುವ ಮುಂಚೆ ಈ ಮಾತ್ರೆ ಹಿಡಿಯಿತು, ಹಿಡಿಯಲಿಲ್ಲ ಎಂದು ತೀರ್ಪು ಕೊಡುವ ಹಾಗಿಲ್ಲ. ನಿಮ್ಮದು 20ರಲ್ಲಿ ಏಳು ವಾರ. ಅಂದರೆ ಪರೀಕ್ಷೆ ಇನ್ನೂ ನಡೆದೇ ಇಲ್ಲ, ನೀವು ಫೇಲಾದೆ ಅಂತಿದ್ದೀರಿ.

ಹಾಗಂತ ಗೀಳಿನ ಬಗೆಗೂ ಮಾತ್ರೆಗೂ ಸಂಬಂಧವೇ ಇಲ್ಲವೇ ಅಂದರೆ, ಇದೆ. ಅದು ಯಾವ ಮಾತ್ರೆ ಎಂಬುದರಲ್ಲಿ ಅಲ್ಲ, ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು, ಜೊತೆಗೆ ಏನು ಸೇರಿಸಬೇಕು ಎಂಬುದರಲ್ಲಿ.

ತೊಳೆಯುವುದು, ಬಾಗಿಲು-ಗ್ಯಾಸು ಮತ್ತೆ ಮತ್ತೆ ನೋಡುವುದು, ಯಾರಿಗೋ ಏನೋ ಆಗಿಬಿಡುತ್ತದೆ ಎಂಬ ಭಯ, ಇವು ಮಾತ್ರೆಗೆ ಸುಮಾರಾಗಿ ಚೆನ್ನಾಗಿಯೇ ಬಗ್ಗುತ್ತವೆ. ಎಲ್ಲರಿಗೂ ಅಲ್ಲ. ಒಟ್ಟಾರೆ ಓಸಿಡಿಯಲ್ಲಿ ಮೊದಲ ಮಾತ್ರೆಗೆ ಒಳ್ಳೆಯ ಉತ್ತರ ಸಿಗುವುದು ಸುಮಾರು ಅರ್ಧದಷ್ಟು ಜನಕ್ಕೆ. ಎಲ್ಲ ಸರಿಯಾಗಿ ಸಮವಾಗಿ ಇರಬೇಕು, ಚಪ್ಪಲಿ ಜೋಡಿ ಗೆರೆ ಎಳೆದ ಹಾಗೆ ಇರಬೇಕು, ಬಲಗೈ ಗೋಡೆಗೆ ತಾಗಿದರೆ ಎಡಗೈಯನ್ನೂ ತಾಗಿಸಬೇಕು ಅನ್ನಿಸುವವರಲ್ಲಿ ಎಷ್ಟೋ ಸಲ ಭಯವೇ ಇರುವುದಿಲ್ಲ. ‘ಸರಿ ಅನ್ನಿಸಲಿಲ್ಲ, ಅದಕ್ಕೆ’ ಅಂತಾರೆ. ಇವರಲ್ಲಿ ಕೆಲವರು ಮಾತ್ರೆಗೆ ನಿಧಾನ. ಜೊತೆಗೆ ಚಿಕ್ಕಂದಿನಿಂದ ಕಣ್ಣು ಪಿಟಪಿಟ ಮಿಟುಕಿಸುವುದು, ಭುಜ ಹಾರಿಸುವುದು, ಗಂಟಲು ಕೆರೆದುಕೊಳ್ಳುವುದು, ಅಂದರೆ ಟಿಕ್ಸ್ ಇದ್ದರೆ ಎಸ್‌ಎಸ್‌ಆರ್‌ಐ ಒಂದೇ ಸಾಲದೆ ಹೋಗಬಹುದು. ಬಗೆ ನೋಡಿ ಔಷಧಿ ಬದಲಾಗುವ ಜಾಗ ಇದೊಂದೇ ಎನ್ನಬಹುದು. ಇಂಥವರಿಗೆ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥದ್ದನ್ನು ಸಣ್ಣ ಡೋಸಿನಲ್ಲಿ ಸೇರಿಸಿದರೆ ಪ್ರಯೋಜನ ಜಾಸ್ತಿ ಕಾಣುತ್ತದೆ. ನಿಮಗೆ ಅಥವಾ ತಮ್ಮನಿಗೆ ಅಂಥದ್ದೇನಾದರೂ ಇತ್ತೇ ಎಂದು ಅಮ್ಮನನ್ನು ಕೇಳಿ, ಅಮ್ಮಂದಿರಿಗೆ ನೆನಪಿರುತ್ತದೆ.

ಇನ್ನು ನಿಮ್ಮದು. ದೇವರ ಬಗ್ಗೆ, ಕಾಮದ ಬಗ್ಗೆ, ಕೈಯಲ್ಲಿ ಚಾಕು ಇದ್ದಾಗ ಮಗುವಿನ ಬಗ್ಗೆ ಬರುವ ಬೇಡದ ಯೋಚನೆಗಳು. ಒಂದು ಸಲ ಹೇಳುತ್ತೇನೆ, ಮತ್ತೆ ಕೇಳಿದರೆ ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ: ಈ ಯೋಚನೆಗಳು ನಿಮ್ಮ ಆಸೆಯಲ್ಲ, ನಿಮ್ಮ ಗುಣವೂ ಅಲ್ಲ. ದೇವರು ಬೇಕಾದವರಿಗೇ ದೇವರ ಬಗ್ಗೆ ಬರುತ್ತವೆ, ಮಗುವನ್ನು ಜೀವದಂತೆ ನೋಡಿಕೊಳ್ಳುವವರಿಗೇ ಮಗುವಿನ ಬಗ್ಗೆ ಬರುತ್ತವೆ.

ಈ ಬಗೆ ಮಾತ್ರೆಗೆ ಬಗ್ಗುವುದಿಲ್ಲ ಎಂಬ ಮಾತು ನಮ್ಮವರಲ್ಲೂ ಬಹಳ ಕಾಲ ಓಡಾಡಿದೆ. ಕೆಲವು ಅಧ್ಯಯನಗಳಲ್ಲಿ ಹಾಗೇ ಕಂಡಿದೆ, ಇನ್ನು ಕೆಲವದರಲ್ಲಿ ಬೇರೆ ಬಗೆಗಳಷ್ಟೇ ಚೆನ್ನಾಗಿ ಬಗ್ಗಿದೆ. ನನ್ನ ಅನುಭವದಲ್ಲಿ ತೊಂದರೆ ಮಾತ್ರೆಗಿಂತ ಎಣಿಕೆಯಲ್ಲಿ ಜಾಸ್ತಿ. ತಮ್ಮನ ಸೋಪು ಎಲ್ಲರಿಗೂ ಕಾಣುತ್ತದೆ, ಎರಡು ದಿನಕ್ಕೊಂದು ಇದ್ದದ್ದು ತಿಂಗಳಿಗೊಂದಾದರೆ ಮನೆಗೆಲ್ಲ ಗೊತ್ತಾಗುತ್ತದೆ. ನಿಮ್ಮ ಸೋಪು ತಲೆಯೊಳಗಿದೆ.

ನಾನೇ ಇದರಲ್ಲಿ ಎಡವಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಒಬ್ಬ ಹೆಂಗಸು ಬರುತ್ತಿದ್ದರು. ಥೇಟ್ ನಿಮ್ಮದೇ ಕಥೆ. ‘ಏನಾದರೂ ಪದೇ ಪದೇ ಮಾಡ್ತೀರಾ?’ ಅಂತ ಕೇಳಿದೆ, ‘ಇಲ್ಲ ಡಾಕ್ಟ್ರೇ, ಬರೀ ಯೋಚನೆ’ ಅಂದರು. ನಾನೂ ಬರೀ ಯೋಚನೆಯ ಓಸಿಡಿ ಎಂದು ಬರೆದುಕೊಂಡೆ. ಆರು ವಾರಕ್ಕೊಂದು ಮಾತ್ರೆ ಬದಲಿಸಿದೆ, ಮೂರು ಸಲ. ಮೂರೂ ಹಿಡಿಯಲಿಲ್ಲ ಎಂದು ಇಬ್ಬರೂ ಸೋತು ಕೂತಿದ್ದಾಗ, ಜೊತೆಗೆ ಬಂದಿದ್ದ ಅವರ ಗಂಡ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ‘ಸಾರ್, ನಮ್ಮನೇಲಿ ವಾರಕ್ಕೆ ಐದು ಬೆಂಕಿಪೊಟ್ಟಣ ಖಾಲಿಯಾಗುತ್ತೆ, ಗ್ಯಾಸ್ ಲೈಟರ್ ಇದ್ರೂನೂ’ ಅಂದರು. ಏನೆಂದರೆ, ಬೆಳಿಗ್ಗೆ ದೀಪ ಹಚ್ಚಲು ಕಡ್ಡಿ ಗೀರಿದ ಕೂಡಲೇ ಯೋಚನೆ ಬರುತ್ತಿತ್ತು. ಆ ಕಡ್ಡಿ ಮೈಲಿಗೆಯಾಯಿತು. ಅದನ್ನು ಆರಿಸಿ, ಗಲ್ಲ ಬಡಿದುಕೊಂಡು, ‘ತಪ್ಪಾಯ್ತು ತಾಯಿ’ ಎಂದು ಮನಸ್ಸಿನಲ್ಲೇ ಹನ್ನೊಂದು ಸಲ ಹೇಳಿ, ಹನ್ನೊಂದನೆಯದರಲ್ಲಿ ಯೋಚನೆ ಬಂದರೆ ಮತ್ತೆ ಒಂದರಿಂದ ಶುರು ಮಾಡಿ, ಆಮೇಲೆ ಹೊಸ ಕಡ್ಡಿ. ಅವರಿಗೆ ಅದು ಗೀಳು ಅನ್ನಿಸಿರಲೇ ಇಲ್ಲ, ಪ್ರಾರ್ಥನೆ ಅನ್ನಿಸಿತ್ತು. ನಾನೂ ಕೇಳುವ ಹಾಗೆ ಕೇಳಿರಲಿಲ್ಲ.

ಅಂದಿನಿಂದ ನಾವು ಕಡ್ಡಿ ಎಣಿಸಿದೆವು. ನಾಲ್ಕನೆಯ ಮಾತ್ರೆ ಅಂತ ಹೊಸದೇನೂ ಕೊಡಲಿಲ್ಲ, ಮೊದಲು ಕೊಟ್ಟಿದ್ದನ್ನೇ ಮತ್ತೆ ತಂದು ಈ ಸಲ ಪೂರ್ತಿ ಡೋಸಿಗೆ ಏರಿಸಿ, ಪೂರ್ತಿ ಹನ್ನೆರಡು ವಾರ ಕೊಟ್ಟೆ. ಎಂಟನೇ ವಾರ ಬಂದು ‘ಏನೂ ಆಗಿಲ್ಲ, ಯೋಚನೆ ಬರ್ತಾನೇ ಇದೆ’ ಅಂದರು. ಕಡ್ಡಿ ಎಷ್ಟು ಅಂದೆ. ದಿನಕ್ಕೆ ಮೂವತ್ತರ ಹತ್ತಿರ ಇದ್ದದ್ದು ಹನ್ನೆರಡಕ್ಕೆ ಬಂದಿತ್ತು. ಮಾತ್ರೆ ಕೆಲಸ ಮಾಡುವುದು ಎಷ್ಟೋ ಸಲ ಹೀಗೇ. ಯೋಚನೆ ಬರುವುದು ಒಮ್ಮೆಗೇ ನಿಲ್ಲುವುದಿಲ್ಲ. ಬಂದದ್ದು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ, ಅದಕ್ಕೆ ಉತ್ತರ ಕೊಡುವ ಅವಸರ ಕಡಿಮೆಯಾಗುತ್ತದೆ.

ಈ ಎಣಿಕೆಗೆ ನಮ್ಮಲ್ಲಿ ಒಂದು ಅಳತೆಗೋಲೂ ಇದೆ, ವೈ-ಬಾಕ್ಸ್ ಅಂತ. 1989ರಿಂದ ಬಳಕೆಯಲ್ಲಿದೆ. ಯೋಚನೆಗಳ ಬಗ್ಗೆ ಐದು ಪ್ರಶ್ನೆ, ಅದಕ್ಕೆ ಮಾಡುವ ಕೆಲಸಗಳ ಬಗ್ಗೆ ಐದು. ಒಂದೊಂದಕ್ಕೆ 0ಯಿಂದ 4, ಒಟ್ಟು 40. ಶೇ. 35ರಷ್ಟು ಇಳಿದರೆ ಮಾತ್ರೆ ಹಿಡಿದಿದೆ ಅಂತೀವಿ. ಲೆಕ್ಕ ಹಾಕಿ ನೋಡಿ: 28 ಇದ್ದವರು 18ಕ್ಕೆ ಬಂದರೆ ನಮ್ಮ ಪುಸ್ತಕದಲ್ಲಿ ಗೆಲುವು. ಆದರೆ 18 ಅಂದರೆ ಇನ್ನೂ ಮಧ್ಯಮ ಮಟ್ಟದ ಓಸಿಡಿಯೇ. ಡಾಕ್ಟರು ಚೆನ್ನಾಗಿದೆ ಅಂತಾರೆ, ರೋಗಿ ಇಲ್ಲ ಅಂತಾರೆ, ಇಬ್ಬರದೂ ನಿಜ! ನಿಮ್ಮಂಥವರಲ್ಲಿ ಇನ್ನೊಂದು ಎಡವಟ್ಟು ಏನೆಂದರೆ ಒಳಗೇ ಮಾಡುವ ಜಪ, ಕ್ಷಮೆ ಕೇಳುವುದು, ಒಳ್ಳೆಯ ಯೋಚನೆ ತಂದು ಕೆಟ್ಟದ್ದನ್ನು ಒರೆಸುವುದು, ‘ನಾನು ನಿಜವಾಗಿ ಹಾಗೆ ಅಂದುಕೊಂಡೆನಾ’ ಎಂದು ತಿರುತಿರುಗಿ ತಡಕುವುದು, ಇವನ್ನೆಲ್ಲ ಆ ಎರಡನೆಯ ಐದರಲ್ಲಿ ಬರೆಯದಿದ್ದರೆ ಅಲ್ಲಿ ಸೊನ್ನೆ ಬೀಳುತ್ತದೆ. ಮೊದಲೇ ಸೊನ್ನೆ ಇದ್ದದ್ದು ಇನ್ನೆಲ್ಲಿ ಇಳಿಯಬೇಕು?

ಆದ್ದರಿಂದ ಮುಂದಿನ ಭೇಟಿಗೆ ಮುಂಚೆ ಒಂದು ವಾರ ಬರೆಯಿರಿ. ಯೋಚನೆ ಏನಿತ್ತು ಅಂತ ಬರೆಯುವುದು ಬೇಡ. ಬಂದಾಗ ನೀವೇನು ಮಾಡಿದಿರಿ, ಎಷ್ಟು ಹೊತ್ತು, ಯಾವುದರಿಂದ ದೂರ ಉಳಿದಿರಿ ಎಂಬುದನ್ನು ಮಾತ್ರ. ದೇವರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೀರಾ? ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಉಳಿಯುತ್ತೀರಾ? ‘ನಾನು ಕೆಟ್ಟವಳಾ?’ ಎಂದು ಯಜಮಾನರನ್ನೋ ಅಮ್ಮನನ್ನೋ ದಿನಕ್ಕೆಷ್ಟು ಸಲ ಕೇಳುತ್ತೀರಿ? ಅದನ್ನೂ ಬರೆಯಿರಿ, ಅದೂ ಕೈ ತೊಳೆದ ಹಾಗೆಯೇ. ಎರಡನೇ ಸಲ ಹೇಳುವುದಿಲ್ಲ ಅಂದಿದ್ದು ಇದಕ್ಕೇ.

ಡೋಸ್ ಏರಿಸಿ ಹನ್ನೆರಡು ವಾರ ಕಾದರೂ ಆಗದಿದ್ದರೆ? ಆಗ ಇನ್ನೊಂದು ಎಸ್‌ಎಸ್‌ಆರ್‌ಐ. ಎರಡು ಮಾತ್ರೆ ಸರಿಯಾಗಿ ಪ್ರಯತ್ನಿಸಿ ಆಗದಿದ್ದರೆ ಸಾಮಾನ್ಯವಾಗಿ ಹಳೇ ಕ್ಲೊಮಿಪ್ರಮಿನ್ ಕಡೆ ನೋಡುತ್ತೇವೆ. ಒಳ್ಳೆಯ ಔಷಧಿ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತರೆ ತಲೆ ತಿರುಗುವುದು ಜಾಸ್ತಿ. ಡೋಸ್ ಏರಿದರೆ ಇಸಿಜಿ ನೋಡಬೇಕು, ಫಿಟ್ಸ್ ಇರುವವರಲ್ಲಿ ಬಹಳ ಎಚ್ಚರ ಬೇಕು. ಫ್ಲುಯೊಕ್ಸೆಟಿನ್ ಬೇರೆ ದೇಹದಲ್ಲಿ ವಾರಗಟ್ಟಲೆ ಉಳಿದು ಕ್ಲೊಮಿಪ್ರಮಿನ್ ಮಟ್ಟವನ್ನು ಏರಿಸಿಬಿಡುತ್ತದೆ, ಇಂದು ಅದು ನಾಳೆ ಇದು ಅಂತ ಬದಲಿಸುವಂಥದ್ದಲ್ಲ. ಫ್ಲುವೊಕ್ಸಮಿನ್‌ಗೆ ಹೋದರೆ ಒಂದು ತಮಾಷೆ ಇದೆ. ಅದು ಕಾಫಿಯಲ್ಲಿರುವ ಕೆಫೀನ್ ದೇಹದಿಂದ ಹೊರಗೆ ಹೋಗುವುದನ್ನು ವಿಪರೀತ ನಿಧಾನ ಮಾಡುತ್ತದೆ. ಬೆಳಗಿನ ಫಿಲ್ಟರ್ ಕಾಫಿ ರಾತ್ರಿಯೂ ತಲೆಯಲ್ಲೇ ಕೂತಿರುತ್ತದೆ. ‘ಮಾತ್ರೆಯಿಂದ ನಿದ್ದೆ ಹೋಯ್ತು, ಎದೆ ಡವಡವ’ ಎಂದು ಬರುವವರಿಗೆ ನಾನು ಮೊದಲು ಕೇಳುವುದೇ ಎಷ್ಟು ಲೋಟ ಅಂತ.

ಎಸ್‌ಎಸ್‌ಆರ್‌ಐ ಶುರುವಿನಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು, ಒಂಥರಾ ಚಡಪಡಿಕೆ ಒಂದೆರಡು ವಾರ ಇರಬಹುದು. ದಾಂಪತ್ಯದ ಆಸೆ ಕುಗ್ಗುವುದು ತುಂಬಾ ಜನಕ್ಕೆ ಆಗುತ್ತದೆ, ಹೇಳಲು ನಾಚಿಕೊಂಡು ಸುಮ್ಮನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹೇಳಿ, ಅದಕ್ಕೂ ದಾರಿ ಇದೆ. 25ರ ಒಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗುತ್ತಿದೆಯೇ ಎಂದು ಮನೆಯವರು ಕಣ್ಣಿಡಬೇಕು. ನೋವಿಗೆಂದು ಟ್ರಮಡಾಲ್, ಕೆಮ್ಮಿಗೆಂದು ಯಾವುದೋ ಸಿರಪ್ ಕೊಂಡುಕೊಳ್ಳುವಾಗ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿ ಕೊಳ್ಳಿ.

ಆದರೆ ನಿಮ್ಮ ಬಗೆಯ ಓಸಿಡಿಗೆ ಏನು ಸೇರಿಸಬೇಕು ಎಂದು ಕೇಳಿದರೆ ನಾನು ಇನ್ನೊಂದು ಮಾತ್ರೆಗಿಂತ ಮೊದಲು ಇಆರ್‌ಪಿ ಅನ್ನುತ್ತೇನೆ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಿ, ಆಮೇಲೆ ಮಾಡುವ ಗೀಳಿನ ಕೆಲಸವನ್ನು ತಡೆಯುವ ತರಬೇತಿ ಅದು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಮಾತ್ರೆ ತೆಗೆದುಕೊಂಡೂ ಗೀಳು ಉಳಿದಿದ್ದ 100 ಜನರನ್ನು ತೆಗೆದುಕೊಂಡು, ಅದೇ ಮಾತ್ರೆಯ ಜೊತೆಗೆ ಕೆಲವರಿಗೆ ಇಆರ್‌ಪಿ, ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಎಂಟು ವಾರಕ್ಕೆ ಇಆರ್‌ಪಿ ಗುಂಪಿನಲ್ಲಿ ಶೇ. 80 ಜನ ಸುಧಾರಿಸಿದರು. ರಿಸ್ಪೆರಿಡೋನ್ ಗುಂಪಿನಲ್ಲಿ ಶೇ. 23, ಹುಸಿ ಮಾತ್ರೆಯಲ್ಲಿ ಶೇ. 15. ಆದರೂ ನಮ್ಮ ಊರುಗಳಲ್ಲಿ ಎರಡನೇ ಮಾತ್ರೆ ಎರಡು ನಿಮಿಷದಲ್ಲಿ ಸೇರುತ್ತದೆ, ಇಆರ್‌ಪಿ ಮಾತ್ರ ಚೀಟಿಯಲ್ಲಿ ಬರುವುದೇ ಅಪರೂಪ. ಮಾಡುವವರು ಕಡಿಮೆ, ಸಮಯ ಬೇಕು, ನಿಜ. ಆ ಬೆಂಕಿಕಡ್ಡಿಯ ಹೆಂಗಸಿಗೆ ನಾವು ಮಾಡಿದ್ದು ಇಷ್ಟೇ: ಯೋಚನೆ ಬಂದ ಕಡ್ಡಿಯಿಂದಲೇ ದೀಪ ಹಚ್ಚುವುದು, ‘ತಪ್ಪಾಯ್ತು’ ಅನ್ನದೆ ಅಡುಗೆಮನೆಗೆ ಹೋಗುವುದು. ಮೊದಲ ದಿನ ಅರ್ಧ ಗಂಟೆ ನಡುಗಿದರು. ಮೂರನೇ ವಾರ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ‘ಅಯ್ಯೋ, ಇವತ್ತು ಮರೆತೇಬಿಟ್ಟಿದ್ದೆ’ ಅನ್ನಿಸಿತಂತೆ. ಮಾತ್ರೆ ನಡುಕವನ್ನು ತಡೆದುಕೊಳ್ಳುವಷ್ಟಕ್ಕೆ ಇಳಿಸಿತ್ತು, ಕಡ್ಡಿ ಗೀರಿದ್ದು ಅವರೇ.

ಸುಧಾರಿಸಿತು ಎಂದು ಮಾತ್ರೆ ನಿಲ್ಲಿಸುವ ಬಗ್ಗೆಯೂ ಒಂದು ಮಾತು, ಇದು ನಿಮ್ಮ ತಮ್ಮನಿಗೆ. 1988ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕ್ಲೊಮಿಪ್ರಮಿನ್‌ನಿಂದ ಚೆನ್ನಾಗಿದ್ದ 18 ಜನರಿಗೆ ಅದನ್ನು ನಿಲ್ಲಿಸಿದಾಗ, ಏಳು ವಾರದೊಳಗೆ 16 ಜನಕ್ಕೆ ಗೀಳು ಮರಳಿತು. ಚೆನ್ನಾದ ಮೇಲೂ ಕಡಿಮೆಯೆಂದರೆ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ತಿಂಗಳುಗಟ್ಟಲೆ ತೆಗೆದುಕೊಂಡು ನಿಧಾನಕ್ಕೆ ಇಳಿಸಬೇಕು. ಇಆರ್‌ಪಿ ಕಲಿತವರು ಇಳಿಸುವಾಗ ಕಡಿಮೆ ಎಡವುತ್ತಾರೆ. ತಮ್ಮ ಆರಾಮಾಗಿದ್ದಾನೆ ಎಂದು ಅವನ ಮಾತ್ರೆ ನೀವು ಖಾಲಿ ಮಾಡಿದರೆ ಇಬ್ಬರಿಗೂ ತೊಂದರೆ.

ಎಲ್ಲಿಗೆ ಹೋಗುವುದು ಅಂತ ಕೇಳುತ್ತೀರಿ. ಈಗಿನ ಡಾಕ್ಟರನ್ನು ಬಿಡಬೇಕಿಲ್ಲ. ಡೋಸ್ ಏರಿಸಬಹುದಾ, ಇಆರ್‌ಪಿ ಯಾರು ಮಾಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ಹಾವೇರಿಯಿಂದ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ದೂರವೇನಲ್ಲ. ಎರಡು ಮೂರು ಮಾತ್ರೆ ಆದರೂ ಜಗ್ಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಪ್ರತ್ಯೇಕ ಕ್ಲಿನಿಕ್ ಇದೆ. ನಡುರಾತ್ರಿ ತಡೆಯಲಾಗದಷ್ಟು ಸಂಕಟವಾದರೆ, ಬದುಕುವುದೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಅಪ್ಪ. ಓಸಿಡಿ ಮನೆತನದಲ್ಲಿ ಹರಿಯುವುದು ಹೌದು, ಆದರೆ ಅಪ್ಪನದು ಅದೇ ಎಂದು ಇಲ್ಲಿಂದ ಹೇಳಲಾರೆ. ವಸ್ತು ಕೂಡಿಡುವ ಗೀಳನ್ನು ಮೊದಲು ಓಸಿಡಿಯ ಒಂದು ಬಗೆ ಅಂತಲೇ ನೋಡುತ್ತಿದ್ದೆವು. ಮಾತ್ರೆಗೆ ಎಲ್ಲಕ್ಕಿಂತ ಕಡಿಮೆ ಬಗ್ಗುವುದು ಅದೇ ಎಂದು ಅಧ್ಯಯನ ಮೇಲೆ ಅಧ್ಯಯನದಲ್ಲಿ ಕಂಡಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊಸ ಪಟ್ಟಿ ತಂದಾಗ ಅದನ್ನು ಬೇರೆಯೇ ಕಾಯಿಲೆಯಾಗಿ ತೆಗೆದಿಟ್ಟರು. ಕೂಡಿಡುವವರಿಗೆ ಎಷ್ಟೋ ಸಲ ಅದು ಹಿಂಸೆ ಅನ್ನಿಸುವುದೇ ಇಲ್ಲ, ಬಿಸಾಡು ಅಂದಾಗ ಹಿಂಸೆ. ಬಡತನ ಕಂಡ ತಲೆಮಾರಿನವರು ಕವರು ಮಡಚಿ ಹಾಸಿಗೆ ಕೆಳಗೆ ಇಡುವುದೆಲ್ಲ ಕಾಯಿಲೆಯೂ ಅಲ್ಲ ಬಿಡಿ, ನನ್ನ ಮನೆಯಲ್ಲೂ ಇಡುತ್ತಾರೆ. ಮಂಚದ ಮೇಲೆ ಮಲಗಲು ಜಾಗ ಇದೆಯೇ, ಒಲೆಯ ಹತ್ತಿರ ಪೇಪರು ರಾಶಿ ಬಿದ್ದಿದೆಯೇ, ನಡೆದಾಡುವಾಗ ಎಡವುತ್ತಾರೆಯೇ ಎಂದು ನೋಡಿ. ಅಷ್ಟರ ಮಟ್ಟಿಗೆ ಹೋಗಿದ್ದರೆ ಕರೆದುಕೊಂಡು ಬನ್ನಿ. ಈ ಒಂದೆರಡು ವರ್ಷದಲ್ಲಿ ಹೊಸದಾಗಿ ಶುರುವಾಗಿದ್ದು, ಜೊತೆಗೆ ಮರೆವೂ ಇದ್ದರೆ ಇನ್ನೂ ಬೇಗ ತೋರಿಸಿ, ಆಗ ಹುಡುಕಬೇಕಾದ್ದೇ ಬೇರೆ. ಅಲ್ಲಿಯವರೆಗೆ ಅವರು ಸಂತೆಗೆ ಹೋದಾಗ ನೋಡಿ ಗುಜರಿಯವನನ್ನು ಕರೆಯಬೇಡಿ. ವಾಪಸ್ ಬಂದು ಖಾಲಿ ಮೂಲೆ ನೋಡಿದವರು ಮುಂದಿನ ತಿಂಗಳಲ್ಲಿ ಅದರ ಎರಡರಷ್ಟು ತಂದು ತುಂಬುವುದನ್ನು ನಾನು ನೋಡಿದ್ದೇನೆ.